ಒಳಗೆ ಬಿಟ್ಟ ಬಟ್ಟೆ

ಮಾರ್ಚ್ ೯, ಬೆಳಿಗ್ಗೆ ೬

ಇವತ್ತೂ ಐದಕ್ಕೇ ಎಚ್ಚರ. ಎದ್ದು ಮಾಡುವುದೇನು? ಹಲ್ಲುಜ್ಜಿದೆ. ಹೊದಿಕೆ ಮಡಚಿದೆ. ರೂಮು ಗುಡಿಸುವವನು ಬಂದು ಅದನ್ನೇ ಬಿಚ್ಚಿ ಮತ್ತೆ ಮಡಚುತ್ತಾನೆ, ನನ್ನ ಮಡಿಕೆ ಅವನಿಗೆ ಸಾಲದು. ಐವತ್ತೆಂಟು ವರ್ಷ ಬಟ್ಟೆ ಮಡಚಿದ ಕೈ ಇದು! ಮೊನ್ನೆ ಟವೆಲಿನಲ್ಲಿ ಆನೆ ಮಾಡಿಟ್ಟು ಹೋಗಿದ್ದ. ನನ್ನ ತಂಗಿ ಪುಟ್ಟಿ ಚಪ್ಪಾಳೆ ತಟ್ಟಿದಳು. ಅರವತ್ತಾರು ವರ್ಷದ ಪುಟ್ಟಿ. ನಾನು ಆನೆ ಬಿಚ್ಚಿ ಮುಖ ಒರೆಸಿಕೊಂಡೆ.

ಹಡಗು ಹತ್ತಿ ಹನ್ನೊಂದು ದಿನ. ಇನ್ನೂ ಇಪ್ಪತ್ತೈದು. ಹದಿನಾಲ್ಕನೇ ತಾರೀಖಿನ ತನಕ ಊರಿಲ್ಲ, ಕೇರಿಯಿಲ್ಲ, ಬರೀ ನೀರು. ಬಾಗಿಲ ಸಂದಿಯಲ್ಲಿ ಕಾಗದ ತೂರಿಸಿದ್ದಾರೆ — "ಇಂದು ಆರಾಮದ ದಿನ." ಕೆಳಗೆ ಮೂವತ್ತು ಕಾರ್ಯಕ್ರಮ. ಕುಣಿತ, ಹೂ ಜೋಡಿಸುವುದು, ಕರ್ಚೀಫಿಗೆ ಬಣ್ಣ ಬಳಿಯುವುದು. ಆರಾಮಕ್ಕೆ ಇಷ್ಟು ಕೆಲಸ ಅಂತ ಗೊತ್ತಿದ್ದರೆ ನನ್ನ ಹೊಲಿಗೆ ಅಂಗಡಿಯಲ್ಲೇ ಇರುತ್ತಿದ್ದೆ. ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಂತೆ. ಇರುವ ಗಂಟೆ ಕಳೆಯುವುದೇ ಕಷ್ಟ, ಮೇಲೊಂದು ಬಿಟ್ಟಿ.

ಪುಟ್ಟಿ ಇನ್ನೂ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಟೆಲಿಫೋನ್ ಆಫೀಸಿನ ಬೆಳಗಿನ ಪಾಳಿಗೆ ಕತ್ತಲಲ್ಲೇ ಓಡುತ್ತಿದ್ದವಳು. ಕೇಳಿದರೆ "ರಜಾ ಅಕ್ಕಾ, ರಜಾ" ಅನ್ನುತ್ತಾಳೆ. ಇನ್ನೊಂದು ಹೊಸ ಚಾಳಿ — ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಬಟ್ಟೆ ಬದಲಿಸುವುದು. ಜಡೆ ಹಾಕಿ, ಮೀಸಿ ಬೆಳೆಸಿದವಳು ನಾನು. ನನ್ನೆದುರಿಗೆ ನಾಚಿಕೆಯಂತೆ.

ಮಾರ್ಚ್ ೯, ಬೆಳಿಗ್ಗೆ ೧೧:೩೦

ಪೆನ್ನು ಒತ್ತಿ ಕಾಗದ ಹರಿಯಿತು. ಸಿಟ್ಟಿಗೆ. ಬರೆದೇ ಬಿಡುತ್ತೇನೆ.

ಮೇಲೆ ಡೆಕ್ಕಿಗೆ ಹೋದೆವು. ಬಿಸಿಲು. ಉದ್ದಕ್ಕೆ ಕುರ್ಚಿಗಳ ಸಾಲು, ಜನ ಮೀನು ಒಣಹಾಕಿದಂತೆ ಬಿದ್ದುಕೊಂಡಿದ್ದಾರೆ. ಊಟದ ಮೇಜಿನಲ್ಲಿ ನಮ್ಮ ಜೊತೆ ಕೂರುವ ರಿಟೈರಾದ ಹಲ್ಲಿನ ಡಾಕ್ಟರು ನಮಗೆ ಜಾಗ ಹಿಡಿದಿಟ್ಟಿದ್ದ. ನಮಗಲ್ಲ, ಪುಟ್ಟಿಗೆ.

"ಏನಮ್ಮಾ, ದಿನದಿಂದ ದಿನಕ್ಕೆ ಹುಡುಗಿ ಆಗ್ತಿದೀರಿ" ಅಂದ ಅವಳಿಗೆ.

"ನಾನು?" ಅಂದೆ.

"ನೀವು ಇದ್ದ ಹಾಗೇ ಇದೀರಿ ಅಕ್ಕಾವ್ರೆ."

"ನಿಮ್ಮ ಕಟ್ಟು ಹಲ್ಲು ಸಡಿಲ ಆಗಿದೆ, ಮೊದಲು ಅದನ್ನ ನೋಡ್ಕೊಳಿ."

ಪುಟ್ಟಿ ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. ಟೋಪಿ ಹಾರದ ಹಾಗೆ ಎರಡೂ ಕೈ ಎತ್ತಿ ಹಿಡಿದಳು. ಆಗ ಗಾಳಿಗೆ ಅವಳ ಹಸಿರು ಗೌನಿನ ಪಕ್ಕ ಮಗುಚಿತು, ಒಳಗಿನ ಹೊಲಿಗೆ ಕಂಡಿತು.

ಹಸಿರು ಬಟ್ಟೆಗೆ ಕರಿ ದಾರ.

ನಾನು ಈ ಜನ್ಮದಲ್ಲಿ ಹಸಿರಿಗೆ ಕರಿ ದಾರ ಹಾಕಿದವಳಲ್ಲ. ಆ ಗೌನು ಹೋದ ಆಗಸ್ಟಿನಲ್ಲಿ ನಾನೇ ಹೊಲಿದದ್ದು. ಅವಳು ಹದಿನೈದು ತುಂಬಿದಾಗಿನಿಂದ ಅವಳ ಮೈ ಮೇಲೆ ಬಿದ್ದ ಒಂದೊಂದು ಬಟ್ಟೆಯೂ ನನ್ನದೇ. ಯಾರೋ ಸೈಡು ಹಿಡಿದು ಚಿಕ್ಕದು ಮಾಡಿದ್ದಾರೆ. ಯಾರೋ ಯಾಕೆ, ಹೊಲಿಗೆ ಮುಗಿಯುವ ಕಡೆ ಮಿಷನನ್ನು ಮೂರು ಸಲ ಹಿಂದೆ ಮುಂದೆ ಓಡಿಸಿ ಬಿಗಿ ಮಾಡಿದ್ದು ಕಂಡ ಕೂಡಲೇ ಗೊತ್ತಾಯಿತು. ಅದು ನನ್ನ ಶಿಷ್ಯೆಯ ಕೆಲಸ. ಒಂಬತ್ತು ವರ್ಷ ನನ್ನ ಹತ್ತಿರ ಕಲಿತು, ಎದುರುಗಡೆಯೇ ಅಂಗಡಿ ಇಟ್ಟು, ನನ್ನ ಗಿರಾಕಿಗಳನ್ನೆಲ್ಲ ಸಾಲಾಗಿ ಕರೆದುಕೊಂಡವಳು. ಉಳಿದದ್ದು ಒಬ್ಬಳು ತಂಗಿ. ಅವಳೂ ರಸ್ತೆ ದಾಟಿದಳು.

ಮಾರ್ಚ್ ೯, ಮಧ್ಯಾಹ್ನ ೩

ರೂಮಿಗೆ ಬಂದ ಮೇಲೆ ಕೇಳಿದೆ.

"ಯಾರ ಹತ್ರ ಹಿಡಿಸ್ದೆ?"

"ಏನನ್ನ?"

"ನಾಟಕ ಆಡ್ಬೇಡ ಪುಟ್ಟಿ. ಗೌನಿನ ಸೈಡು."

ಮುಖ ಬಿಳುಚಿಕೊಂಡಿತು. ಸಿಕ್ಕಿಬಿದ್ದವಳ ಮುಖ. "ಸ್ವಲ್ಪ ಲೂಸ್ ಆಗಿತ್ತು ಅಕ್ಕಾ..."

"ನಾನು ಹೊಲಿದದ್ದು ಲೂಸು?"

"ಹಾಗಲ್ಲ. ಬೆಳಿಗ್ಗೆ ವಾಕಿಂಗ್ ಹೋಗ್ತಿದ್ನಲ್ಲ, ಒಂಚೂರು ಇಳಿದೆ. ನಿನಗೆ ಯಾಕೆ ತೊಂದ್ರೆ ಅಂತ."

"ತೊಂದ್ರೆ! ನಂಗೆ?"

"ನಿಂಗೀಗ ಕಣ್ಣು ಸರಿ ಕಾಣಲ್ವಲ್ಲ. ಸೂಜಿಗೆ ದಾರ ಪೋಣಿಸೋಕೇ ಕಷ್ಟಪಡ್ತೀಯ..."

ಅದನ್ನು ಹೇಳಬಾರದಿತ್ತು. ಹೇಳಿದಳು. ಆಮೇಲೆ ನಾನು ಹೇಳಿದ್ದನ್ನೆಲ್ಲ ಬರೆಯುವುದಿಲ್ಲ. ಅಮ್ಮ ಸತ್ತಾಗ ಆರನೇ ಕ್ಲಾಸಿಗೆ ಸ್ಲೇಟು ಇಟ್ಟು ಮಿಷನ್ ಮುಂದೆ ಕೂತದ್ದು ಯಾರಿಗೋಸ್ಕರ ಅಂತ ಕೇಳಿದೆ. ಅವಳ ಫೀಸು, ಅವಳ ಪುಸ್ತಕ, ಅವಳು ಇಂಟರ್‌ವ್ಯೂಗೆ ಹಾಕಿಕೊಂಡು ಹೋದ ಬಿಳಿ ಅಂಗಿ... ಒಂದೂ ಬಿಡಲಿಲ್ಲ. ಕೊನೆಗೆ, "ನನ್ನ ಪಾಲಿಗೆ ನೀನು ಸತ್ತೆ" ಅಂದೆ.

ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು. ನಗು ಬಂದವಳ ಹಾಗೆ ತುಟಿ ಕಚ್ಚಿಕೊಂಡಳು. ಅದಕ್ಕೆ ಇನ್ನಷ್ಟು ಉರಿಯಿತು.

ಮಾರ್ಚ್ ೧೦

ಮಾತಿಲ್ಲ.

ಮಾರ್ಚ್ ೧೨, ಮಧ್ಯಾಹ್ನ ೨

ನಿನ್ನೆ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಒಂದೇ ರೂಮು, ಎರಡು ಮಂಚ, ನಡುವೆ ಒಂದು ಮೊಳ ಜಾಗ. ಮೂರು ದಿನದಿಂದ ಸರದಿ ಹಾಕಿಕೊಂಡವರ ಹಾಗೆ ಓಡಾಡುತ್ತಿದ್ದೇವೆ. ನಾನು ಮೊದಲು ತಿಂಡಿ ತಿಂದು ಏಳುತ್ತೇನೆ, ಆಮೇಲೆ ಅವಳು ಬರುತ್ತಾಳೆ. ಬಂದು ತಿನ್ನುತ್ತಾಳೋ ಇಲ್ಲವೋ ನೋಡಿಲ್ಲ. ಯಾಕೆ ನೋಡಬೇಕು?

ಇವತ್ತು ಊಟವಾದ ಮೇಲೆ ಅವಳು ಕರ್ಚೀಫಿಗೆ ಬಣ್ಣ ಬಳಿಯಲು ಹೋದಳು. ನಾನು ಕಪಾಟು ತೆಗೆದು ಹಸಿರು ಗೌನು ಹೊರಗೆಳೆದೆ. ಬಿಚ್ಚಿಬಿಡಬೇಕು ಅಂತ. ಶಿಷ್ಯೆಯ ಹೊಲಿಗೆ ಕಿತ್ತು, ನನ್ನದನ್ನು ಹಾಕಿ, ಸುಮ್ಮನೆ ಮೊಳೆಗೆ ನೇತುಹಾಕಬೇಕು. ಮಾತಾಡುವುದೇ ಬೇಡ. ಕಣ್ಣು ಕಾಣುತ್ತದೋ ಇಲ್ಲವೋ ಅವಳೇ ನೋಡಲಿ.

ಕತ್ತರಿಯನ್ನು ಹಡಗು ಹತ್ತುವಾಗಲೇ ಕಿತ್ತಿಟ್ಟುಕೊಂಡಿದ್ದಾರೆ, ನಾನು ಕಪ್ತಾನನನ್ನು ಇರಿಯುತ್ತೇನೇನೋ ಅಂತ. ಉಗುರು ತೆಗೆಯುವ ಕ್ಲಿಪ್ಪರ್ ಹಿಡಿದು ಕೂತೆ. ಗೌನು ತಿರುವಿ ಒಳಮೈ ಹೊರಗೆ ಮಾಡಿದೆ.

ಕರಿ ಹೊಲಿಗೆಯ ಪಕ್ಕ ಇನ್ನೊಂದು ಹೊಲಿಗೆ. ಅದರ ಪಕ್ಕ ಮತ್ತೊಂದು. ಆಮೇಲೆ, ಅಂಚಿನ ಹತ್ತಿರ, ನನ್ನ ಹಸಿರು.

ಮೂರು ಸಲ ಹಿಡಿದಿದ್ದಾಳೆ. ಹಳೆಯದನ್ನು ಬಿಚ್ಚದೆ ಅದರ ಒಳಗೆ ಹೊಸದು ಹಾಕುತ್ತಾ ಹೋಗಿದ್ದಾಳೆ. ಅದೂ ನಾನೇ ಕಲಿಸಿದ್ದು. "ಹಿಡಿಯುವಾಗ ಹಳೇ ಹೊಲಿಗೆ ಕೀಳಬೇಡ, ನಾಳೆ ಮೈ ಬಂದರೆ ಬೇಕಾಗುತ್ತದೆ" ಅಂತ. ಒಳಗೆ ಎರಡು ಇಂಚು ಬಟ್ಟೆ ಬಿಡುವುದೂ ಅದಕ್ಕೇ. ಎಲ್ಲರಿಗೂ ಮೈ ಬರುತ್ತದೆ. ಐವತ್ತೆಂಟು ವರ್ಷ ನಾನು ಸೈಡು ಬಿಟ್ಟುಕೊಟ್ಟದ್ದೇ ಹೆಚ್ಚು.

ಟೇಪು ಹಿಡಿದೆ. ಎರಡೂ ಕಡೆ ಸೇರಿಸಿದೆ. ತಪ್ಪಿರಬೇಕು ಅಂತ ಮತ್ತೆ ಹಿಡಿದೆ. ಏಳು ಇಂಚು.

ಕಪಾಟಿನಲ್ಲಿದ್ದ ಅಷ್ಟೂ ಬಟ್ಟೆ ಮಂಚದ ಮೇಲೆ ಸುರಿದೆ. ನೀಲಿ ಅಂಗಿ, ಬೂದು ಬಣ್ಣದ್ದು, ಉಣ್ಣೆ ಕೋಟು. ಎಲ್ಲದರಲ್ಲೂ ಅದೇ. ಮೂರು ಸಾಲು, ಮೂರು ಸಾಲು.

ಆರು ತಿಂಗಳಲ್ಲಿ ಏಳು ಇಂಚು. ಇದು ವಾಕಿಂಗ್ ಅಲ್ಲ.

ಬಟ್ಟೆ ಮೈಗೆ ಸರಿಯಾಗಿ ಕೂತಿತ್ತು. ಸರಿಯಾಗಿ ಕೂತ ಬಟ್ಟೆಯೊಳಗೆ ಎಷ್ಟು ಮೈ ಉಳಿದಿದೆ ಅಂತ ಯಾರು ನೋಡುತ್ತಾರೆ? ನಾನಂತೂ ಬಟ್ಟೆಯನ್ನೇ ನೋಡುವವಳು.

ಮಾರ್ಚ್ ೧೨, ಸಂಜೆ ೬

ಐದಕ್ಕೆ ಬಂದಳು. ಕೈಯಲ್ಲಿ ಒದ್ದೆ ಕರ್ಚೀಫು. ಮಂಚದ ತುಂಬ ಒಳಮೈ ಮಾಡಿದ ಬಟ್ಟೆ ನೋಡಿದಳು. ಬಾಗಿಲಿಗೆ ಒರಗಿ ನಿಂತಳು.

"ಎಲ್ಲಿ?" ಅಂದೆ.

"ಹೊಟ್ಟೇಲಿ ಗಡ್ಡೆ. ಈಗ ಲಿವರಿಗೂ ಬಂದಿದೆ ಅಂತೆ."

"ಯಾವಾಗಿಂದ?"

"ಸೆಪ್ಟೆಂಬರ್."

"ಆ ಎದುರಂಗಡಿ ಮುಂಡೇದಕ್ಕೆ ಗೊತ್ತು. ನಂಗೆ ಗೊತ್ತಿಲ್ಲ."

"ಅವಳನ್ನ ಬೈಬೇಡ. ಒಂದ್ ಸಲಾನೂ ಏನೂ ಕೇಳ್ಲಿಲ್ಲ. ಮೂರನೇ ಸಲ ಅಳತೆ ತಗೋವಾಗ ಅತ್ತಳು, ಅಷ್ಟೆ."

"ನಾನೇನ್ ಅಳ್ತಿರಲಿಲ್ವಾ?"

"ನೀನು ಅಳೋಳಲ್ಲ ಅಕ್ಕಾ. ನೀನು ರಟ್ಟೆ ಹಿಡಿದು ಆಸ್ಪತ್ರೆಗೆ ಎಳ್ಕೊಂಡ್ ಹೋಗೋಳು. ಅಲ್ಲಿನ ಡಾಕ್ಟರು ಹೇಳ್ದಂಗೆ ಕೇಳಿದ್ರೆ ಮೂರು ನಾಲ್ಕು ತಿಂಗಳು ಜಾಸ್ತಿ ಸಿಗುತ್ತೆ ಅಂದ್ರು. ಆದ್ರೆ ಆ ತಿಂಗಳೆಲ್ಲ ಅವರ ಮಂಚದ ಮೇಲೇ ಕಳೀಬೇಕು. ಬೇಡ ಅಂದೆ. ಈ ಟಿಕೆಟ್ ತಗೊಂಡೆ."

ಕರ್ಚೀಫನ್ನು ಕಿಟಕಿಗೆ ಹರಡಿದಳು. ಹಳದಿ ಹಕ್ಕಿಯೋ ಬಾಳೆಹಣ್ಣೋ ಏನೋ ಬರೆದಿದ್ದಾಳೆ. ಯಾವತ್ತೂ ಚಿತ್ರ ಬರುತ್ತಿರಲಿಲ್ಲ ಅವಳಿಗೆ.

"ಮೊನ್ನೆ ನೀನು 'ಸತ್ತೆ' ಅಂದಾಗ ನಗು ಬಂದ್ಬಿಡ್ತು" ಅಂದಳು. "ತಪ್ಪು ತಿಳ್ಕೋಬೇಡ."

ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದೆ. ಹತ್ತು ನಿಮಿಷ ಓಡಲಿ ಅಂತ ಬಿಟ್ಟೆ.

ಮಾರ್ಚ್ ೧೩, ಬೆಳಿಗ್ಗೆ ೧೦

ಅವಳು ಏಳುವ ಮೊದಲೇ ಕೆಳಗೆ ಹಡಗಿನ ಡಾಕ್ಟರಮ್ಮನ ಹತ್ತಿರ ಹೋದೆ. ಚಿಕ್ಕ ವಯಸ್ಸು, ಕೋಟಿನ ತೋಳು ಉದ್ದ. ಪುಟ್ಟಿ ಮೊದಲ ದಿನವೇ ಬಂದು ಎಲ್ಲಾ ಹೇಳಿ, ಮಾತ್ರೆ ಚೀಲ ತೋರಿಸಿ ಹೋಗಿದ್ದಳಂತೆ. ಅಂದರೆ ಇವಳಿಗೂ ಗೊತ್ತು. ಇನ್ನು ಉಳಿದದ್ದು ಟವೆಲ್ ಮಡಚುವವನೊಬ್ಬ.

"ನಾಳೆ ಬಂದರಿನಲ್ಲಿ ಇಳಿಸಿ" ಅಂದೆ. "ಅಲ್ಲಿಂದ ವಿಮಾನ ಇದೆಯಲ್ಲ."

"ಇದೆ ಅಜ್ಜಿ. ಆದ್ರೆ ಅವ್ರು ಇಳೀತೀನಿ ಅನ್ಬೇಕಲ್ಲ."

"ಅವಳಿಗೇನ್ ಗೊತ್ತಾಗುತ್ತೆ? ಚಿಕ್ಕವಳು."

ಡಾಕ್ಟರಮ್ಮ ನಗಲಿಲ್ಲ. "ನೋವು ಜಾಸ್ತಿ ಆದ್ರೆ ಕೊಡೋಕೆ ನನ್ನ ಹತ್ರ ಔಷಧಿ ಇದೆ. ವಾಸಿ ಮಾಡೋದು ಇಲ್ಲಿ ಇಲ್ಲ, ಅಲ್ಲೂ ಇಲ್ಲ" ಅಂದಳು.

ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಸೀದಾ ಕೌಂಟರಿಗೆ ಹೋಗಿ, ನಾಳೆ ಇಳಿದು ವಾಪಸ್ ಹೋಗುವವರ ಪಟ್ಟಿಯಲ್ಲಿ ಎರಡು ಹೆಸರು ಬರೆಸಿ ಬಂದೆ. ನಾಳೆ ಬೆಳಿಗ್ಗೆ ಏಳರ ತನಕ ಬದಲಾಯಿಸಬಹುದಂತೆ. ಯಾರು ಬದಲಾಯಿಸುತ್ತಾರೆ?

ಮಾರ್ಚ್ ೧೩, ಸಂಜೆ ೫

ಹೇಳಿದೆ. ಡೆಕ್ಕಿನಲ್ಲಿ, ಹಲ್ಲಿನ ಡಾಕ್ಟರು ಐಸ್‌ಕ್ರೀಮ್ ತರಲು ಹೋದಾಗ. ಸಮುದ್ರ ಇಸ್ತ್ರಿ ಹಾಕಿದ ಹಾಗೆ ಮಲಗಿತ್ತು.

"ನೀನು ಇಳಿ ಅಕ್ಕಾ. ನಾನು ಇಳಿಯಲ್ಲ."

"ಒಬ್ಬಳೇ ಇರ್ತೀಯಾ?"

"ಇರ್ತೀನಿ."

"ಏನಾದ್ರೂ ಆದ್ರೆ?"

"ಆಗೋದು ಆಗುತ್ತಲ್ಲ, ಅದೇ ತಾನೇ ವಿಷಯ."

ಎಷ್ಟು ಸಲೀಸಾಗಿ ಹೇಳಿದಳು, ಬಸ್ ತಪ್ಪಿತು ಅನ್ನುವ ಹಾಗೆ. ನಾನು ಬೈದೆ. ಹಠಮಾರಿ, ಸ್ವಾರ್ಥಿ, ಸಾಕಿ ಬೆಳೆಸಿದವಳನ್ನು ಒಂದು ಮಾತು ಕೇಳಲಿಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು.

"ನೀನು ಸ್ಕೂಲು ಬಿಟ್ಟಿದ್ದು ನಂಗೋಸ್ಕರ. ನಿಜ. ಅದಕ್ಕೇ ನೀನು ಹೇಳಿದ್ದನ್ನೇ ಓದಿದೆ. ನೀನು ಬೇಡ ಅಂದವರನ್ನ ಮದ್ವೆ ಆಗ್ಲಿಲ್ಲ. ನೀನು ಕೊಟ್ಟ ಬಣ್ಣಾನೇ ಹಾಕ್ಕೊಂಡೆ. ನಂಗೆ ಹಸಿರು ಇಷ್ಟಾನೇ ಇಲ್ಲ, ಗೊತ್ತಾ ಅಕ್ಕಾ? ಇರ್ಲಿ ಬಿಡು. ಈ ಇಪ್ಪತ್ತು ದಿನ ಒಂದನ್ನ ನಂದು ಅಂತ ಬಿಟ್ಟುಬಿಡು."

ಹಲ್ಲಿನ ಡಾಕ್ಟರು ಮೂರು ಐಸ್‌ಕ್ರೀಮ್ ತಂದ. ಅವಳದು ಕರಗಿ ಕೈಗೆಲ್ಲ ಆಯಿತು, ಎರಡು ಸಲ ನೆಕ್ಕಿ ಇಟ್ಟಳು. ಈಗ ನೋಡುತ್ತೇನೆ. ಈಗ ಎಲ್ಲಾ ಕಾಣುತ್ತದೆ. ಕುತ್ತಿಗೆಯ ಎಲುಬು, ಮಣಿಕಟ್ಟು, ಜಾರುವ ಉಂಗುರ. ಕಣ್ಣು ಇಲ್ಲವಂತೆ ನನಗೆ.

ಹಸಿರು ಇಷ್ಟ ಇಲ್ಲವಂತೆ! ಐವತ್ತು ವರ್ಷ ಬಾಯಿ ಬಿಡಲಿಲ್ಲ, ಕಳ್ಳಿ.

ಹೋಗಿ ನನ್ನ ಚೀಲ ಕಟ್ಟಿದೆ. ಅವಳದ್ದನ್ನೂ ಕಟ್ಟಿದೆ. ಎರಡನ್ನೂ ಬಾಗಿಲ ಹತ್ತಿರ ಇಟ್ಟೆ. ಅವಳು ನೋಡಿ, ಗೋಡೆ ಕಡೆ ತಿರುಗಿ ಮಲಗಿದಳು.

ಮಾರ್ಚ್ ೧೪, ಬೆಳಿಗ್ಗೆ ೭:೧೦

ಕಿಟಕಿಯಲ್ಲಿ ನೆಲ ಕಾಣುತ್ತಿದೆ. ಕ್ರೇನುಗಳು, ಉದ್ದ ಗೋದಾಮುಗಳು. ಕಾರಿಡಾರಿನಲ್ಲಿ ಇಳಿಯುವವರ ಚೀಲದ ಗಾಲಿ ಸದ್ದು.

ಆರೂವರೆಗೆ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ, "ಬೇಗ ಬಂದ್ಬಿಟ್ರಲ್ಲ ಅಜ್ಜಿ, ಇಳಿಯೋದು ಎಂಟಕ್ಕೆ" ಅಂದಳು.

"ಹೆಸರು ಹೊಡೆದು ಹಾಕಮ್ಮ."

"ಯಾರ್ದು? ನಿಮ್ದಾ, ಅವ್ರದ್ದಾ?"

"ಎರಡೂ."

ಒಂದು ಗೀಟು ಎಳೆದಳು, ಇನ್ನೊಂದು ಗೀಟು ಎಳೆದಳು. ಅಷ್ಟೇ ಕೆಲಸ. ನಾನು ಅಲ್ಲೇ ನಿಂತೆ. "ಇನ್ನೇನಾದ್ರೂ ಬೇಕಿತ್ತಾ?" ಅಂತ ಕೇಳಿದಳು. ಬೇಕಿತ್ತು. ಇವಳ ಹತ್ತಿರ ಇಲ್ಲ.

ಒಪ್ಪಿದ್ದೇನೆ ಅಂತಲ್ಲ. ಇದು ತಪ್ಪು ಅಂತ ಈಗಲೂ ಅನ್ನುತ್ತೇನೆ, ನಾಳೆಯೂ ಅನ್ನುತ್ತೇನೆ, ಅವಳ ಮುಖಕ್ಕೇ ಅನ್ನುತ್ತೇನೆ. ಬಿಟ್ಟು ಹೋಗುವುದಕ್ಕೆ ಆಗಲಿಲ್ಲ, ಎಳೆದುಕೊಂಡು ಹೋಗುವುದಕ್ಕೂ ಆಗಲಿಲ್ಲ. ಇನ್ನು ಇಪ್ಪತ್ತು ದಿನ ಕುರ್ಚಿಯಲ್ಲಿ ಕೂತು ನೋಡಬೇಕು. ಕೈಗೆ ಕೆಲಸವಿಲ್ಲದೆ ನೋಡುತ್ತಾ ಕೂರುವುದನ್ನು ನನಗೆ ಯಾರೂ ಕಲಿಸಿಲ್ಲ.

ಎರಡೂ ಚೀಲ ಬಿಚ್ಚಿ ಬಟ್ಟೆ ಕಪಾಟಿಗೆ ಸೇರಿಸಿದೆ. ಸದ್ದಾಗಿರಬೇಕು. ಈ ಕಡೆ ಹೊರಳಿದಳು. ಚೀಲಗಳಿಲ್ಲದ ಬಾಗಿಲು ನೋಡಿದಳು, ನನ್ನನ್ನು ನೋಡಿದಳು. ಹೊದಿಕೆಯೊಳಗಿಂದ ಕೈ ಚಾಚುತ್ತಿದ್ದಾಳೆ. ಎಬ್ಬಿಸು ಅಂತಲೋ, ಪಕ್ಕದಲ್ಲಿ ಬಂದು ಕೂತ್ಕೋ ಅಂತಲೋ —