ಮಸಿ ಹತ್ತಬಾರದ ಕಾಗದ

ಅಕ್ಕಾ,

ಬೆರಳು ಬಿರಿದಿವೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಈ ಹಿಮದ ಬಯಲಲ್ಲಿ ಗಾಳಿಯ ಧೂಳು ಹಿಡಿಯುವ ಯಂತ್ರವೊಂದಿದೆ. ಅದರೊಳಗಿನ ಬಿಳಿ ಕಾಗದ ಬದಲಿಸುವುದು ನನ್ನ ಕೆಲಸ; ಅದಕ್ಕೆ ಹತ್ತಿದ ಧೂಳನ್ನು ವಿಜ್ಞಾನಿಗಳು ಅಳೆಯುತ್ತಾರೆ. ನಿನ್ನೆ ಗಾಳಿ ತಿರುಗಿ ನಮ್ಮ ಜನರೇಟರಿನ ಹೊಗೆ ಅದರತ್ತ ಹೋಯಿತು.

"ಮೊದ್ಲು ಜನರೇಟರ್ ನಿಲ್ಸಿ! ಕಾಗದಕ್ಕೆ ಮಸಿ ಹತ್ತುತ್ತೆ!" ಎಂದು ವಿಜ್ಞಾನಿ ಕಿರುಚಿದರು.

ಅಂಗೈಯಗಲದ ಕಾಗದಕ್ಕಾಗಿ ಹೀಟರ್ ಆರಿಸಿಕೊಂಡು ಹನ್ನೊಂದು ಜನ ಮೂರು ಗಂಟೆ ನಡುಗಿದರು. ನನಗೆ ಮಾತ್ರ ಅದರ ಮೇಲಿನ ಹೊಟ್ಟೆಕಿಚ್ಚಿಗೇ ಮೈ ಕಾದಿತ್ತು. ನೀನು ಹತ್ತೊಂಬತ್ತು ವರ್ಷದಿಂದ ಕಾರ್ಖಾನೆಯ ಬಾಯ್ಲರ್ ಮುಂದೆ ಕೆಮ್ಮುತ್ತಿದ್ದೀಯ. ನಿನ್ನ ಎದೆಗೆ ಮಸಿ ಹತ್ತುತ್ತದೆಂದು ಮಾಲೀಕ ಒಂದು ಗಳಿಗೆ ಬೆಂಕಿ ನಿಲ್ಲಿಸಿದನೇ? "ನೆಗಡಿ ಕಣಮ್ಮ, ಹೋಗು" ಅಂದ!

ಟಪಾಲಿನ ಚೀಲ ಕಟ್ಟುತ್ತಿದ್ದಾರೆ, ಒಂದೇ ಮಾತು. ಕೆಲಸದಲ್ಲಿ ನೀನು ಮುಖಕ್ಕೆ ಕಟ್ಟುವ ಬಟ್ಟೆಯನ್ನು ಈ ವಾರ ಒಗೆಯದೆ ಹಾಗೇ ಅಂಚೆಗೆ ಹಾಕು. ಇಲ್ಲಿ ಅದರ ಮಸಿಯನ್ನೂ ಅಳೆಸಿ, ಆ ಲೆಕ್ಕವನ್ನು ನಾನೇ ಬಂದು ನಿನ್ನ ಮಾಲೀಕನ ಮೇಜಿಗೆ ಬಡಿಯುತ್ತೇನೆ.

ನಿನ್ನ ತಂಗಿ