ಕಾರಣ ಸಮೇತ ಕೊಡಿ

೧೯ ಜೂನ್ ೨೦೦೬
ಮಡಂತ್ಯಾರಿನಿಂದ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಬಂದೆ. ಕಾಲೇಜಿನ ಕಾನೂನು ಪತ್ರಿಕೆಯ ಪ್ರೂಫ್ ತಿದ್ದಿದೆವು — ನಾನು, ಮುನವ್ವರ್, ವಿಸ್ಮಿತಾ. ವಿದ್ಯಾರ್ಥಿಗಳೇ ಸಂಪಾದಕರು, ಲೆಕ್ಚರರ್‌ಗಳ ತಪ್ಪನ್ನೂ ತಿದ್ದುವ ಸುಖ! ಮಧ್ಯಾಹ್ನ ಗೇಟಿನೆದುರಿನ ಕಾವೇರಮ್ಮನ ಕ್ಯಾಂಟೀನಿಗೆ ಹೋದರೆ ಬೀಗ. ಹೊರಗೆ ಕೂತಿದ್ದರು.
"ಲೈಸೆನ್ಸ್ ಕ್ಯಾನ್ಸಲ್ ಅಂತೆ ಜಸೀಲಾ. ಪಂಚಾಯತಿಗೆ ಹೋಗಿ ಯಾಕೆ ಅಂತ ಕೇಳಿದ್ರೆ, ಆರ್ಡರ್ ಆಗಿದೆ, ಹೋಗಿ ಅಂದ್ರು."
ಕರೆದು ಒಂದು ಮಾತೂ ಕೇಳಿಲ್ಲ. ಮೈ ಉರಿಯಿತು.

೨೭ ಜುಲೈ
ಮಾಹಿತಿ ಹಕ್ಕಿನ ಹೊಸ ಕಾಯ್ದೆಯಡಿ ಕಾವೇರಮ್ಮನಿಂದ ಅರ್ಜಿ ಹಾಕಿಸಿದ್ದೆ. ಇಂದು ಉತ್ತರ: ಕಡತದಲ್ಲಿ ಕಾರಣ ದಾಖಲಾಗಿಲ್ಲ. ಆಗಿಲ್ಲವಂತೆ! ಆದೇಶದಿಂದ ಪೆಟ್ಟು ತಿಂದವರಿಗೆ ಕಾರಣ ಹೇಳಬೇಕೆಂದು ಅದೇ ಕಾಯ್ದೆಯಲ್ಲಿದೆ. ಪತ್ರಿಕೆಗೆ ಲೇಖನ ಬರೆಯಲು ಕೂತೆ.

೧೧ ಆಗಸ್ಟ್
ಪ್ರಿನ್ಸಿಪಾಲ್ ಕರೆಸಿದರು.
"ನಿನ್ನ ಲೇಖನ ತೆಗಿ. ಆ ಕ್ಯಾಂಟೀನ್ ಪಕ್ಕ ಮ್ಯಾನೇಜ್‌ಮೆಂಟಿನವರ ಹೊಸ ಹೋಟೆಲ್ ಉಂಟು, ಗೊತ್ತಲ್ಲ?"
"ಹೋಟೆಲಿನ ಬಗ್ಗೆ ಬರೆದಿಲ್ಲ ಸರ್. ಕಾನೂನಿನ ಬಗ್ಗೆ ಬರೆದಿದ್ದೇನೆ."
"ಹಾಗಾದ್ರೆ ನಾಳೆಯಿಂದ ನೀನು ಸಂಪಾದಕಿ ಅಲ್ಲ."
"ಲಿಖಿತವಾಗಿ ಕೊಡಿ ಸರ್. ಕಾರಣ ಸಮೇತ."
 

೧೯ ಆಗಸ್ಟ್
ಪತ್ರಿಕೆಯನ್ನೇ ನಿಲ್ಲಿಸಿದರು. ವಿಸ್ಮಿತಾ ನನ್ನೊಡನೆ ಮಾತು ಬಿಟ್ಟಳು. ಮುನವ್ವರ್ ಬಿಡಲಿಲ್ಲ.
"ಬಂಟ್ವಾಳದಲ್ಲಿ ಮಾವನ ಪ್ರೆಸ್ ಉಂಟು. ಕಾಲೇಜಿನ ಹೆಸರು ಬೇಡ. ನಾವೇ ಮಾಡುವ."
"ನಿನ್ನನ್ನೂ ತೆಗೀತಾರೆ ಮಾರಾಯ."
"ತೆಗೀಲಿ."
ಮನೆಯಲ್ಲಿ ಉಮ್ಮನಿಗೆ ಒಂದೇ ಚಿಂತೆ: "ಪರೀಕ್ಷೆಗೆ ಕೂರ್ಲಿಕ್ಕೆ ಬಿಡದಿದ್ರೆ?" 

೨ ಸೆಪ್ಟೆಂಬರ್
ಬಂಟ್ವಾಳದಲ್ಲಿ ಅಚ್ಚಾದ ನಮ್ಮ ಪತ್ರಿಕೆಯನ್ನು ಮೂಡುಬಿದಿರೆ, ಬೆಳ್ತಂಗಡಿಯ ವಕೀಲರಿಗೆಲ್ಲ ಹಂಚಿದೆವು. ಹಿರಿಯರೊಬ್ಬರು ನಿಂತಲ್ಲೇ ಓದಿದರು. ಕಾವೇರಮ್ಮನ ಅಪೀಲು ತಾವೇ ಹಾಕುವುದಾಗಿ ಹೇಳಿದರು.

೬ ಅಕ್ಟೋಬರ್
ಆದೇಶ ರದ್ದು! ಅಹವಾಲು ಕೇಳದೆ, ಕಾರಣ ಕೊಡದೆ ಮುಚ್ಚಿಸಿದ್ದು ತಪ್ಪೆಂದು ಮೇಲಿನ ಅಧಿಕಾರಿ ಬರೆದಿದ್ದಾರೆ. ಕಾವೇರಮ್ಮ ಅಳಲಿಲ್ಲ. ಬೀಗ ತೆಗೆದು, ಜೇಡರ ಬಲೆ ಗುಡಿಸಿ, ಒಲೆ ಹಚ್ಚಿದರು. "ನಿನಗೆ ಉಪವಾಸ ಅಲ್ವಾ? ಹಬ್ಬ ಕಳೆದು ಬಾ. ಮೊದಲ ಚಾ ಬಾಕಿ ಇಡ್ತೇನೆ."

೯ ಅಕ್ಟೋಬರ್, ಬೆಳಿಗ್ಗೆ ಹತ್ತು
ಲೇಖನ ಅಚ್ಚು ಹಾಕಿಸಿದ್ದಕ್ಕೆ ಇಂದು ಕಾಲೇಜಿನ ಶಿಸ್ತು ಸಮಿತಿಯ ಮುಂದೆ ನಾನು. ಕ್ಷಮಾಪಣೆ ಬರೆದುಕೊಟ್ಟರೆ ಮಾತ್ರ ಪರೀಕ್ಷೆ. ಬರೆಯುವುದಿಲ್ಲ. ಕಾರಿಡಾರಿನ ಬೆಂಚಿಗೆ ಒಬ್ಬಳೇ ಬಂದು ಕೂತಿದ್ದೆ. ಮುನವ್ವರ್ ಬಂದ. ಅವನ ಹಿಂದೆ — ವಿಸ್ಮಿತಾ! ಲೇಖನಕ್ಕೆ ತನ್ನ ಹೆಸರೂ ಸೇರಿಸಬೇಕಂತೆ. "ಆಗ ಹೆದರಿದ್ದೆ ಜಸೀಲಾ" ಎಂದಳು. ಒಳಗಿನಿಂದ ಪ್ಯೂನ್ ಬಂದ. "ಜಸೀಲಾ ಒಬ್ಬಳೇ ಬರಬೇಕಂತೆ." ಮೂವರೂ ಎದ್ದೆವು. ಬಾಗಿಲು ತೆರೆದಿದೆ. ಒಟ್ಟಿಗೇ ಒಳಗೆ ಹೋಗುತ್ತೇವೆ.