ಭವಿತ್‌ನ ಮೆಲುದನಿ

ಜುಲೈ 9, ಬುಧವಾರ. ತೋಡಾರು.

ಹೆದರಿಕೆಯಿಂದ ಊಟವೇ ಸೇರಲಿಲ್ಲ. ಇವತ್ತು ಸಂಜೆ ಮೂಡಬಿದ್ರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಮದುವೆಯಾಗಲು ಕೇಳಿದ್ದ ಭವಿತ್‌ಗೆ ಹೇಳಿಬಿಟ್ಟೆ, ನಾನು ಮದುವೆಯಾಗುವುದು ಸೃಜನ್‌ನನ್ನು ಎಂದು.

ಅವನು ನಕ್ಕ. "ಪರವಾಗಿಲ್ಲ ಸಾತ್ವಿಕಾ. ಅವನು ಬೆಳ್ತಂಗಡಿಯಲ್ಲಿ ಅಂಗಡಿ ಮುಚ್ಚಿ ಕತ್ತಲೆಗೆ ನೆರಿಯದ ಮನೆಗೆ ಬೈಕಲ್ಲಿ ಹೋಗ್ತಾನಲ್ಲ, ದಾರಿಯಲ್ಲಿ ಸೇತುವೆ ಹತ್ತಿರ ಜನವೇ ಇರುವುದಿಲ್ಲ. ಜಾಗ್ರತೆ ಮಾಡ್ಲಿಕ್ಕೆ ಹೇಳು," ಎಂದ.

ಸೃಜನ್ ಹೋಗುವ ದಾರಿ ಇವನಿಗೆ ಹೇಗೆ ಗೊತ್ತು? ನಾನಂತೂ ಹೇಳಿಲ್ಲ.

ಇಷ್ಟು ದಿನ ನಾನು ಹೆದರಿದ್ದು ಸೃಜನ್‌ನ ಸಿಟ್ಟಿಗೆ. ಚಾ ತಣ್ಣಗಿದ್ದರೂ ಹೋಟೆಲಿನವರ ಹತ್ತಿರ ಜಗಳ ಮಾಡುತ್ತಾನೆ, ಹೊರಡುವ ಮೊದಲು ತಾನೇ ಸಾರಿ ಕೇಳುತ್ತಾನೆ. ಬಂಟ್ವಾಳದ ಭವಿತ್ ದುಬೈಯಲ್ಲಿದ್ದು ಬಂದವನು, ಒಮ್ಮೆಯೂ ದನಿ ಏರಿಸಿದವನಲ್ಲ. ಅಮ್ಮನಿಗೆ ಅವನೆಂದರೆ ಬಹಳ ಇಷ್ಟ. ಆ ಮೆಲುದನಿಯನ್ನು ನಾನೂ ಒಳ್ಳೆಯತನ ಎಂದುಕೊಂಡಿದ್ದೆ.

ಮನೆಗೆ ಬಂದ ಕೂಡಲೇ ಸೃಜನ್‌ಗೆ ಫೋನ್ ಮಾಡಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. "ನಿನ್ನೆ ಒಂದು ಕಾರು ಹಿಂದೆಯೇ ಬರ್ತಾ ಇತ್ತು ಮಾರಾಯ್ತಿ. ನನಗೂ ಹೆದರಿಕೆ ಉಂಟು," ಎಂದ. ಇವತ್ತು ಮನೆಗೆ ಹೋಗದೆ ಬೆಳ್ತಂಗಡಿಯಲ್ಲೇ ಅಕ್ಕನ ಮನೆಯಲ್ಲಿ ಉಳಿದಿದ್ದಾನೆ. ಅವನು ಹೆದರಿದ್ದನ್ನು ನಾನು ನೋಡಿದ್ದೇ ಇಲ್ಲ.

ಅಮ್ಮ ನಂಬಲಾರಳು ಎಂದುಕೊಂಡೇ ಎಲ್ಲ ಹೇಳಿದೆ. ಅವಳು ಎದ್ದು ಹಿಂಬಾಗಿಲಿಗೂ ಚಿಲಕ ಹಾಕಿ ಬಂದಳು. "ನಾಳೆ ಪೊಲೀಸ್ ಸ್ಟೇಷನ್‌ಗೆ ಹೋಗುವ. ನಾನೂ ಬರ್ತೇನೆ," ಎಂದಳು.

ಈಗ ಅಮ್ಮನ ಫೋನ್ ರಿಂಗಾಗುತ್ತಿದೆ. ಭವಿತ್. ಅಮ್ಮ ಎತ್ತಲಿಲ್ಲ, ದಿಂಬಿನಡಿಗೆ ತುರುಕಿದಳು. ನಿಂತಿತು ಅಂದುಕೊಂಡರೆ ಮತ್ತೆ ಶುರುವಾಯಿತು.